ನಲ್ಲಿ ಒಂದು, ಯಜಮಾನರು ಹತ್ತು

2023ರ ಆಗಸ್ಟ್. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿ ಬಂದ ದಿನಗಳು. ರಾತ್ರಿ ಒಂಬತ್ತರ ಚರ್ಚೆಗೆ ನಾಲ್ಕು ಜನ ಅತಿಥಿಗಳನ್ನು ಕೂರಿಸಿಕೊಂಡಿದ್ದೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ಯಾರು ಹೊಣೆ?

ಒಬ್ಬರು ಪೈಪ್ ಹಾಕಿದ್ದು ನಾವಲ್ಲ ಅಂದರು. ಇನ್ನೊಬ್ಬರು ಹಾಕಿದ್ದು ನಾವೇ, ಆದರೆ ಹಸ್ತಾಂತರ ಮಾಡಿ ವರ್ಷಗಳಾದವು ಅಂದರು. ಮೂರನೆಯವರು ನಮ್ಮದು ಮೇಲುಸ್ತುವಾರಿ ಮಾತ್ರ ಅಂದರು. ನಾಲ್ಕನೆಯವರು ಅನುದಾನ ಬಂದಿಲ್ಲ ಅಂದರು. ನಾನು ಧ್ವನಿ ಏರಿಸಿದೆ, ಅವರೂ ಏರಿಸಿದರು. ಬ್ರೇಕ್ ಬಂತು, ಕಾರ್ಯಕ್ರಮ ಮುಗಿಯಿತು. ಮನೆಗೆ ಹೋಗುವಾಗ ಕಾರಿನಲ್ಲಿ ಕೂತು ಯೋಚಿಸಿದರೆ ತಲೆ ಬಿಸಿಯಾಯಿತು. ಕಾನೂನಿನ ಪುಸ್ತಕ ತೆಗೆದು ನೋಡಿದರೆ ಆ ನಾಲ್ಕೂ ಜನ ಹೇಳಿದ್ದು ಸರಿಯೇ! ಎಲ್ಲರೂ ಸರಿ, ಆದರೂ ಜನ ಸತ್ತಿದ್ದಾರೆ. ಇದು ಹೇಗೆ ಸಾಧ್ಯ ಸ್ವಾಮಿ?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಇವತ್ತಿನ ಬ್ರೇಕಿಂಗ್ ನ್ಯೂಸ್ ಸಾಲದು. ಸ್ವಲ್ಪ ಹಿಂದಕ್ಕೆ ಹೋಗಬೇಕು. ಎಷ್ಟು ಹಿಂದಕ್ಕೆ ಅಂದರೆ ಒಂಬೈನೂರು ವರ್ಷದಷ್ಟು. ಜಾಗ ದೂರದ್ದೇನಲ್ಲ, ಪಕ್ಕದ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕು.

ಸೂಳೆಕೆರೆಯನ್ನು ನೀವು ನೋಡಿರಬಹುದು. ಸರ್ಕಾರಿ ಕಾಗದದಲ್ಲಿ ಅದು ಶಾಂತಿಸಾಗರ. ಎರಡು ಗುಡ್ಡಗಳ ನಡುವಿನ ಸಂದಿಗೆ ಅಡ್ಡಲಾಗಿ ಒಂದು ಏರಿ ಕಟ್ಟಿದ್ದಾರೆ, ಅಷ್ಟೇ. ಏರಿ ಚಿಕ್ಕದು, ಅದರ ಹಿಂದೆ ನಿಂತ ನೀರು ಸಮುದ್ರದಂಥದ್ದು. ನಾನು ಎಂಜಿನಿಯರಿಂಗ್ ಓದಿದವನು. ಕಡಿಮೆ ಕಟ್ಟಡ, ಹೆಚ್ಚು ಸಂಗ್ರಹ ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪಠ್ಯದಲ್ಲೂ ಸಿಗಲಿಲ್ಲ. ಕೆರೆಗೆ ಎರಡು ತೂಬು, ಒಂದು ಸಿದ್ಧನ ತೂಬು, ಇನ್ನೊಂದು ಬಸವನ ತೂಬು. ಇಲ್ಲಿಂದ ಹೊರಡುವ ಹರಿದ್ರಾ ಹಳ್ಳ ಹರಿಹರದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ.

ಕೆರೆ ಕಟ್ಟಿಸಿದವಳು ಶಾಂತವ್ವೆ ಎಂಬ ರಾಜಕುಮಾರಿ ಅನ್ನುತ್ತದೆ ಕಥೆ. ಕೆರೆಗೆ ಬೇಕಾಗಿದ್ದ ಜಾಗದಲ್ಲಿ ವೇಶ್ಯೆಯರ ಕೇರಿ ಇತ್ತಂತೆ. ಜಾಗ ಬಿಟ್ಟುಕೊಡುತ್ತೇವೆ, ಆದರೆ ಕೆರೆಗೆ ನಮ್ಮ ಹೆಸರಿಡಬೇಕು ಅಂತ ಅವರು ಕೇಳಿದರಂತೆ. ಇಟ್ಟರಂತೆ. ಕಥೆ ನಿಜವೋ ಸುಳ್ಳೋ, ಅದರಲ್ಲಿ ಒಂದು ಒಪ್ಪಂದ ಇದೆ ನೋಡಿ. ನೀರಿಗಾಗಿ ಯಾರು ಏನು ಕಳಕೊಂಡರು ಅನ್ನುವುದನ್ನು ಊರು ಮರೆಯಕೂಡದು ಅನ್ನುವ ಒಪ್ಪಂದ. ನಾವೋ, ಮರ್ಯಾದೆಗೆ ಅಂಜಿ ಕಾಗದದಲ್ಲಿ ಆ ಹೆಸರನ್ನೇ ಬದಲಿಸಿದೆವು.

ಆ ಕಾಲದಲ್ಲಿ ಕೆರೆ ಕಟ್ಟುವುದು ಪುಣ್ಯದ ಕೆಲಸ, ಕಾಯುವುದು ಲೆಕ್ಕದ ಕೆಲಸ. ಕನ್ನಡ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಅನ್ನುವ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇವೆಲ್ಲ ಕೆರೆ ಕಟ್ಟಿದವರಿಗೆ, ಕಾಯುವವರಿಗೆ, ದುರಸ್ತಿಗೆ ಅಂತ ಬಿಟ್ಟ ಭೂಮಿ, ಆದಾಯದ ಪಾಲು. ಅಂದರೆ ಕೆರೆ ಕಟ್ಟುವಾಗಲೇ ಮುಂದಿನ ನೂರು ವರ್ಷದ ಹೂಳು ತೆಗೆಯುವ ದುಡ್ಡಿನ ದಾರಿಯನ್ನೂ ತೋರಿಸಿಬಿಡುತ್ತಿದ್ದರು. ತೂಬು ಎತ್ತಲು ನೀರುಗಂಟಿ ಇದ್ದ. ಊರಿನ ಆಯಗಾರರಲ್ಲಿ ಅವನೂ ಒಬ್ಬ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವನ ಕೈಯಲ್ಲಿತ್ತು, ಸುಗ್ಗಿಯಲ್ಲಿ ಅವನ ಕಾಳು ಕಣದಲ್ಲೇ ಸಲ್ಲುತ್ತಿತ್ತು. ನೀರು ತಪ್ಪಿದರೆ ಊರವರು ಹುಡುಕಿಕೊಂಡು ಹೋಗಬೇಕಾಗಿದ್ದದ್ದು ಒಂದೇ ಮನೆಗೆ.

ಇದೆಲ್ಲ ಸತ್ಯಯುಗ ಅಂತ ನಾನು ಹೇಳುತ್ತಿಲ್ಲ. ಆ ಕೆರೆಯ ನೀರನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಅನ್ನುವ ಕ್ರೌರ್ಯವೂ ಆ ವ್ಯವಸ್ಥೆಯೊಳಗೇ ಇತ್ತು. ಬಾವಿಕಟ್ಟೆಯ ಆಚೆ ಕೊಡ ಹಿಡಿದು ಕಾದು ನಿಂತವರನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ಅನ್ಯಾಯ. ನಲ್ಲಿ ಬಂದಿದ್ದೇ ಆ ಅರ್ಥದಲ್ಲಿ ಒಂದು ಕ್ರಾಂತಿ. ಪೈಪಿನಲ್ಲಿ ಬರುವ ನೀರು ಜಾತಿ ಕೇಳುವುದಿಲ್ಲ. ಆದರೆ ಆ ಪೈಪು ಯಾವ ಕೇರಿಗೆ ಕೊನೆಗೆ ಹೋಗುತ್ತದೆ, ಯಾವ ಕೇರಿಯಲ್ಲಿ ಚರಂಡಿಯೊಳಗೇ ಹಾದು ಹೋಗುತ್ತದೆ ಅನ್ನುವುದನ್ನು ನಾವು ಇಂದಿಗೂ ಕೇಳಬೇಕು.

ಮುಂದೆ ಬನ್ನಿ. ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರು ರಾಜ್ಯದ ಚೀಫ್ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಅನ್ನುವಷ್ಟು ಕೆರೆಗಳಿವೆ ಎಂದು ಬೆರಗಾಗಿದ್ದ. ಬೆಂಗಳೂರಿಗೆ ಹೆಸರಘಟ್ಟದ ಕೊಳಾಯಿ ನೀರು ಬಂದದ್ದು 1896ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ. ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಒಂದು ಪಂಪಿನ ನೀರಿನಿಂದಲೇ ಕಾಲರಾ ಹಬ್ಬುತ್ತಿದೆ ಅಂತ ಡಾಕ್ಟರ್ ಜಾನ್ ಸ್ನೋ ತೋರಿಸಿಕೊಟ್ಟ 1854ರಿಂದ ಲೆಕ್ಕ ಹಾಕಿದರೆ ನಲವತ್ತು ವರ್ಷ ಚಿಲ್ಲರೆ. ದೊಡ್ಡ ಊರುಗಳಿಗೆ ಹೀಗೆ ನಲ್ಲಿ ಬಂತು. ಹೊನ್ನಾಳಿ, ಜಗಳೂರಿನಂಥ ಊರುಗಳು ಬಾವಿ, ಹೊಳೆ, ಕೆರೆ ನೆಚ್ಚಿಕೊಂಡು ಇನ್ನೂ ಬಹಳ ಕಾಲ ಕಳೆದವು.

ಈಗ ಕಥೆಯ ಮುಖ್ಯ ತಿರುವು. 1964ರಲ್ಲಿ ಪುರಸಭೆಗಳ ಕಾಯ್ದೆ ಬಂತು. ಊರಿಗೆ ನೀರು ಕೊಡುವುದು ಪುರಸಭೆಯ ಕಡ್ಡಾಯ ಕರ್ತವ್ಯ ಅಂತ ಅದರಲ್ಲಿ ಬರೆದರು. ಆದರೆ ಚಿಕ್ಕ ಪುರಸಭೆಯ ಹತ್ತಿರ ಎಂಜಿನಿಯರೂ ಇಲ್ಲ, ದುಡ್ಡೂ ಇಲ್ಲ. ಅದಕ್ಕಾಗಿ 1973ರಲ್ಲಿ ಇನ್ನೊಂದು ಕಾಯ್ದೆ ಮಾಡಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯನ್ನು ಹುಟ್ಟುಹಾಕಿದರು. ಉದ್ದೇಶ ಒಳ್ಳೆಯದೇ. ಮಂಡಳಿ ಜಾಕ್‌ವೆಲ್ ಕಟ್ಟುತ್ತದೆ, ಶುದ್ಧೀಕರಣ ಘಟಕ ಕಟ್ಟುತ್ತದೆ, ಪೈಪ್‌ಲೈನ್ ಎಳೆಯುತ್ತದೆ, ಬಹಳಷ್ಟು ಸಣ್ಣ ಊರುಗಳಲ್ಲಿ ಅದನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಿ ಹೊರಡುತ್ತದೆ. ಕಟ್ಟಿದವರು ಒಬ್ಬರು, ಕಾಯುವವರು ಇನ್ನೊಬ್ಬರು. ಬಿತ್ತುವಟ್ಟದ ಕಾಲದಲ್ಲಿ ಒಂದೇ ಕಲ್ಲಿನ ಮೇಲೆ ಕೆತ್ತಿದ್ದ ಎರಡು ಜವಾಬ್ದಾರಿಗಳು ಇಲ್ಲಿ ಬೇರೆಯಾದವು.

ಹಳ್ಳಿಗಳ ಕಡೆ ಬೇರೆಯದೇ ಗಾಳಿ ಬೀಸಿತು. 1983ರ ಜಿಲ್ಲಾ ಪರಿಷತ್ ಕಾಯ್ದೆ, ಅದರ ಹಿಂದೆ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್‌ಸಾಬ್ ಆದ ಮನುಷ್ಯ. ಒಬ್ಬ ಮಂತ್ರಿಯ ಹೆಸರಿಗೇ ನೀರು ಅಂಟಿಕೊಂಡದ್ದು ಅದೇ ಮೊದಲು, ಬಹುಶಃ ಅದೇ ಕೊನೆ. ನಮ್ಮ ಸಣ್ಣ ಪಟ್ಟಣಗಳಿಗೆ ಮಾತ್ರ ಅಂಥ ಒಬ್ಬ ನೀರ್‌ಸಾಬ್ ಸಿಗಲೇ ಇಲ್ಲ.

1993ರಲ್ಲಿ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ಹನ್ನೆರಡನೇ ಅನುಸೂಚಿಯಲ್ಲಿ ನೀರು ಸರಬರಾಜು ಪಟ್ಟಣದ ಆಡಳಿತಕ್ಕೆ ಸೇರಬಹುದಾದ ವಿಷಯ ಅಂತ ಬರೆದರು. ಕಾಗದದಲ್ಲಿ ಅಧಿಕಾರ ಕೆಳಕ್ಕೆ ಇಳಿಯಿತು. ಅದೇ ಹೊತ್ತಿಗೆ ಮೇಲೆ ಪೌರಾಡಳಿತ ನಿರ್ದೇಶನಾಲಯ, ಜಿಲ್ಲೆಯಲ್ಲಿ ಡಿಸಿ, ಡಿಸಿ ಕೈಕೆಳಗೆ ಜಿಲ್ಲಾ ನಗರಾಭಿವೃದ್ಧಿ ಕೋಶ, ಅದಕ್ಕೊಬ್ಬರು ಯೋಜನಾ ನಿರ್ದೇಶಕರು. ಸಮನ್ವಯಕ್ಕೆ ಅಂತ ಒಂದೊಂದು ಕುರ್ಚಿ ಬಂದ ಹಾಗೂ ಕಡತ ನಿಲ್ಲುವುದಕ್ಕೆ ಒಂದೊಂದು ಸ್ಟಾಪ್ ಹೆಚ್ಚಾಯಿತು.

ಈಗ ಭೂಪಟ ಬಿಡಿಸಿ. 1997ರ ಆಗಸ್ಟ್ 15. ಚನ್ನಗಿರಿ ತಾಲೂಕಿನ ಕಾರಿಗನೂರಿನವರೇ ಆದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಏಳು ಹೊಸ ಜಿಲ್ಲೆಗಳನ್ನು ಮಾಡಿದರು, ಅದರಲ್ಲಿ ದಾವಣಗೆರೆಯೂ ಒಂದು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ಚಿತ್ರದುರ್ಗದಿಂದ ಜಗಳೂರು ಬಂತು. ಮುಂದೆ 2018ರ ಹೊತ್ತಿಗೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲೂಕಾಯಿತು. ಜನಕ್ಕೆ ಜಿಲ್ಲಾ ಕಚೇರಿ ಹತ್ತಿರವಾಯಿತು, ಅದು ಸಂತೋಷದ ವಿಷಯ. ಆದರೆ ಗಡಿಗೆರೆ ಎಳೆದ ಪೆನ್ನಿಗೆ ನೀರಿನ ದಾರಿ ಗೊತ್ತಿರಲಿಲ್ಲ.

ನೋಡಿ, ಚನ್ನಗಿರಿಯ ಕಡೆಗೆ ಬರುವ ಭದ್ರಾ ನಾಲೆಯ ನೀರು ಎಂದು ಬಿಡಬೇಕು, ಎಷ್ಟು ದಿನ ಬಿಡಬೇಕು ಅನ್ನುವ ತೀರ್ಮಾನ ಆಗುವುದು ಶಿವಮೊಗ್ಗದ ಕಾಡಾ ಸಭೆಯಲ್ಲಿ. ಲಕ್ಕವಳ್ಳಿಯ ಡ್ಯಾಮು 186 ಅಡಿ ಮುಟ್ಟಿತಾ ಅಂತ ದಾವಣಗೆರೆಯ ರೈತ ದಿನಾ ಪೇಪರ್ ನೋಡುತ್ತಾನೆ. ಚನ್ನಗಿರಿಯ ಸೂಳೆಕೆರೆಯ ನೀರು ಜಿಲ್ಲೆಯ ಗಡಿ ದಾಟಿ ಚಿತ್ರದುರ್ಗದ ಮನೆಗಳಿಗೆ ಹೋಗುತ್ತದೆ. ಹೋಗಲಿ, ಬಾಯಾರಿದವರಿಗೆ ನೀರು ಕೊಡದೆ ಇರಲಾದೀತೇ? ಆದರೆ ಆ ಕೆರೆಯ ಒತ್ತುವರಿ, ಹೂಳು, ಸರ್ವೆ ಅಂತ ಕೂಗು ಎದ್ದಾಗ, ನೀರು ಕುಡಿಯುವ ಊರು ಒಂದು ಜಿಲ್ಲೆ, ಕೆರೆ ಕಾಯಬೇಕಾದ ಊರು ಇನ್ನೊಂದು ಜಿಲ್ಲೆ.

ಹೊನ್ನಾಳಿಗೆ ತುಂಗಭದ್ರೆ ಕಾಲ ಬಳಿಯಲ್ಲೇ. ಹೊಳೆ ಎದುರಿಗಿದೆ, ನೀರಿಗೇನು ಬರ ಅನ್ನಬಹುದು. ಬೇಸಿಗೆಯಲ್ಲಿ ಆ ಹೊಳೆ ಹರಿಯುವುದು ಮೇಲಿನ ಡ್ಯಾಮಿನವರು ಬಿಟ್ಟರೆ. ಬರಗಾಲದಲ್ಲಿ ಕೆಳಗಿನ ಜಿಲ್ಲೆಗಳಿಗೆ ಅಂತ ನದಿಗೆ ನೀರು ಬಿಟ್ಟರೆ ದಾರಿಯುದ್ದಕ್ಕೂ ಪಂಪ್‌ಸೆಟ್ ಕಾಯಲು ಪೊಲೀಸರು ಬೇಕು.

ಜಗಳೂರಿನ ಕಷ್ಟ ಬೇರೆ ಥರದ್ದು. ಅದು ಬರದ ತಾಲೂಕು. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್. ಸಿಸ್ಟನ್ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು, ಕುಡಿಯೋಕೆ ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕ. ಹರಿಹರ ತಾಲೂಕಿನ ದೀಟೂರಿನ ಹತ್ತಿರ ತುಂಗಭದ್ರೆಯಿಂದ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಏತ ನೀರಾವರಿಗೆ ಜನ, ಸಿರಿಗೆರೆಯ ತರಳಬಾಳು ಶ್ರೀಗಳು ಎಷ್ಟು ಬೆನ್ನುಹತ್ತಬೇಕಾಯಿತು! ಕೆರೆಗೆ ನೀರು ಬಂದ ದಿನ ಹೆಂಗಸರು ಬಾಗಿನ ಹಿಡಿದು ನಿಂತಿದ್ದನ್ನು ಟಿವಿಯಲ್ಲಿ ತೋರಿಸುವಾಗ ನನ್ನ ಕಣ್ಣಲ್ಲೂ ನೀರು.

ನ್ಯಾಮತಿಯದು ಇನ್ನೊಂದು ಪಾಠ. ಗ್ರಾಮ ಪಂಚಾಯಿತಿ ಇದ್ದದ್ದು ಪಟ್ಟಣ ಪಂಚಾಯಿತಿ ಆಯಿತು. ಬೋರ್ಡ್ ಬದಲಾಯಿತು, ಪಟಾಕಿ ಹೊಡೆದೆವು. ನೀರಿನ ವಿಷಯದಲ್ಲಿ ಏನಾಗುತ್ತದೆ ಗೊತ್ತಾ? ನಿನ್ನೆಯವರೆಗೆ ನಿಮ್ಮ ನಲ್ಲಿ ಜಿಲ್ಲಾ ಪಂಚಾಯಿತಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಮಗು. ಇವತ್ತಿನಿಂದ ಪೌರಾಡಳಿತ, ನಗರ ಮಂಡಳಿಯ ಮಗು. ಬೋರ್‌ವೆಲ್ ಅದೇ, ಮೋಟಾರ್ ಅದೇ, ಸ್ಟಾರ್ಟರ್ ಒತ್ತುವವನೂ ಅದೇ ಮನುಷ್ಯ. ಕಡತ ಮಾತ್ರ ಬೇರೆ ಬಿಲ್ಡಿಂಗ್‌ಗೆ ಹೋಗುತ್ತದೆ.

ಇದರ ಪರಿಣಾಮವನ್ನು ಒಂದೇ ಒಂದು ಲೆಕ್ಕದಲ್ಲಿ ಹೇಳುತ್ತೇನೆ. 2015ರಲ್ಲಿ ಕೇಂದ್ರದ ಅಮೃತ್ ಯೋಜನೆ ಬಂತು, ಮುಖ್ಯವಾಗಿ ಒಂದು ಲಕ್ಷ ಜನಸಂಖ್ಯೆ ದಾಟಿದ ನಗರಗಳಿಗೆ. 2011ರ ಜನಗಣತಿಯಲ್ಲಿ ಚನ್ನಗಿರಿಯಲ್ಲಿ ಇದ್ದದ್ದು ಸುಮಾರು 21 ಸಾವಿರ ಜನ, ಹೊನ್ನಾಳಿ, ಜಗಳೂರು ಇನ್ನೂ ಚಿಕ್ಕವು. ಹಾಗಾಗಿ ಇವಕ್ಕಿಲ್ಲ. 2019ರಲ್ಲಿ ಜಲಜೀವನ್ ಮಿಷನ್ ಬಂತು, ಹಳ್ಳಿಯ ಮನೆಮನೆಗೆ ನಲ್ಲಿ. ಇವು ಹಳ್ಳಿಯಲ್ಲ, ಹಾಗಾಗಿ ಇವಕ್ಕಿಲ್ಲ. ಎಲ್ಲ ಪಟ್ಟಣಗಳನ್ನೂ ಒಳಗೆ ಸೇರಿಸಿಕೊಂಡ ಅಮೃತ್ 2.0 ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಆರು ವರ್ಷ ನಮ್ಮ ಸಣ್ಣ ಪಟ್ಟಣಗಳು ದಿಲ್ಲಿಯ ದೊಡ್ಡ ಯೋಜನೆಗಳ ಕಣ್ಣಿಗೆ ಅತ್ತ ನಗರವೂ ಅಲ್ಲ, ಇತ್ತ ಹಳ್ಳಿಯೂ ಅಲ್ಲ. ರಾಜ್ಯ ಸರ್ಕಾರ ಕೊಟ್ಟಷ್ಟರಲ್ಲಿ ತೇಪೆ ಹಾಕಿಕೊಂಡು ಬದುಕಿದವು.

ಮತ್ತೆ, ಕೇಳುವವರು ಯಾರು? 2018ರಲ್ಲಿ ಆಯ್ಕೆಯಾದ ರಾಜ್ಯದ ಎಷ್ಟೋ ಪಟ್ಟಣಗಳ ಸದಸ್ಯರಿಗೆ ಮೀಸಲಾತಿ ಪಟ್ಟಿಯ ಕೋರ್ಟ್ ಜಗಳದಿಂದ 2020ರ ತನಕ ಅಧ್ಯಕ್ಷರೇ ಇರಲಿಲ್ಲ. ಎರಡನೇ ಅವಧಿಗೂ ಅದೇ ಗೋಳು, 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಅಷ್ಟು ದಿನ ಆಡಳಿತಾಧಿಕಾರಿಯೇ ದಿಕ್ಕು. ಗೆದ್ದ ಸದಸ್ಯೆ ವಾರ್ಡಿನಲ್ಲಿ ಬೈಸಿಕೊಳ್ಳುತ್ತಾಳೆ, ಸಭೆ ಕರೆಯುವ ಅಧಿಕಾರ ಮಾತ್ರ ಅವಳಿಗಿಲ್ಲ. ನಾವು ಟಿವಿಯವರು ಇದನ್ನು ಎಷ್ಟು ಸಲ ತೋರಿಸಿದೆವು? ನನ್ನನ್ನೇ ಕೇಳಿಕೊಂಡೆ. ಬೆರಳೆಣಿಕೆ.

ಈಗ ಐದು ನಿಮಿಷ ನನ್ನೊಳಗಿನ ಎಂಜಿನಿಯರ್ ಮಾತಾಡುತ್ತಾನೆ, ಸಹಿಸಿಕೊಳ್ಳಿ. ನಮ್ಮ ಪಟ್ಟಣಗಳಲ್ಲಿ ನೀರು ದಿನ ಬಿಟ್ಟು ದಿನ, ಕೆಲವು ಕಡೆ ವಾರಕ್ಕೊಮ್ಮೆ ಬರುತ್ತದೆ. ಪೈಪ್ ತುಂಬಿದ್ದಾಗ ಒಳಗಿನ ಒತ್ತಡ ಹೆಚ್ಚು, ತೂತು ಇದ್ದರೆ ನೀರು ಹೊರಕ್ಕೆ ಸೋರುತ್ತದೆ. ನೀರು ನಿಲ್ಲಿಸಿದಾಗ ಪೈಪ್ ಖಾಲಿ, ಒತ್ತಡ ಬೀಳುತ್ತದೆ, ಆಗ ಅದೇ ತೂತು ಹೊರಗಿನ ಚರಂಡಿ ನೀರನ್ನು ಒಳಕ್ಕೆ ಎಳೆಯುತ್ತದೆ. ಮರುದಿನ ವಾಲ್ವ್ ತಿರುಗಿಸಿದಾಗ ಮೊದಲು ಬರುವುದು ಅದೇ. ಇದನ್ನು ತಡೆಯುವ ಕೊನೆಯ ಕಾವಲುಗಾರ ಕ್ಲೋರಿನ್. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಪರೀಕ್ಷೆ ಕಷ್ಟವೇ ಅಲ್ಲ. ಒಂದು ಸಣ್ಣ ಗಾಜಿನ ಕೊಳವೆ, ನಾಲ್ಕು ಹನಿ ದ್ರಾವಣ, ಹಳದಿ ಬಣ್ಣ ಬಂತಾ ಇಲ್ಲವಾ ನೋಡಿದರೆ ಆಯಿತು. ಒಂದು ನಿಮಿಷದ ಕೆಲಸ.

ಆ ಒಂದು ನಿಮಿಷ ಯಾರದ್ದು? ಕವಾಡಿಗರಹಟ್ಟಿಯ ಸುದ್ದಿ ಬಂದ ರಾತ್ರಿ ನಾನು ಕೇಳಬೇಕಾಗಿದ್ದದ್ದು ಈ ಪ್ರಶ್ನೆ. "ಯಾರು ಹೊಣೆ" ಅಂದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಾರೆ. "ಇವತ್ತು ಬೆಳಿಗ್ಗೆ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ನೋಡಿದವರು ಯಾರು, ಎಲ್ಲಿ ಬರೆದಿಟ್ಟಿದ್ದಾರೆ" ಅಂದರೆ ಉತ್ತರ ಒಂದು ಹೆಸರಾಗಿರಬೇಕು, ಇಲ್ಲವೇ ಮೌನ.

ನೀರುಗಂಟಿ ಇನ್ನೂ ಇದ್ದಾನೆ. ಈಗ ಅವನನ್ನು ವಾಟರ್‌ಮನ್ ಅನ್ನುತ್ತೇವೆ. ಸೊಂಟಕ್ಕೆ ವಾಲ್ವ್ ಕೀ ಸಿಕ್ಕಿಸಿಕೊಂಡು ಬೆಳಗಿನ ಜಾವ ಸೈಕಲ್ಲಿನಲ್ಲೋ ಟಿವಿಎಸ್ಸಿನಲ್ಲೋ ಹೋಗುವ ಮನುಷ್ಯ. ಅವನ ಸಂಬಳ ಎಷ್ಟೋ ಕಡೆ ಹೊರಗುತ್ತಿಗೆ, ಎಷ್ಟೋ ತಿಂಗಳು ಬಾಕಿ. ಕಣದಲ್ಲೇ ಕಾಳು ಸಲ್ಲುತ್ತಿದ್ದವನನ್ನು ನಾವು ಬಿಲ್ಲಿಗೆ ಕಾಯುವವನನ್ನಾಗಿ ಮಾಡಿದ್ದೇವೆ. ಮಂಡಳಿ, ಕೋಶ, ನಿರ್ದೇಶನಾಲಯ, ನಿಗಮ ಎಲ್ಲದರ ತುದಿಯಲ್ಲಿ ನೀರನ್ನು ಕೈಯಿಂದ ಮುಟ್ಟುವವನು ಅವನೊಬ್ಬನೇ.

ಹೊಸ ಪ್ರಾಧಿಕಾರ ಬೇಡ, ಹೊಸ ಸಮಿತಿ ಬೇಡ. ನನ್ನದು ಎರಡೇ ಬೇಡಿಕೆ. ಪ್ರತಿ ಓವರ್‌ಹೆಡ್ ಟ್ಯಾಂಕಿನ ಕೆಳಗೆ ಒಂದು ಬೋರ್ಡು: ಟ್ಯಾಂಕ್ ತೊಳೆದ ತಾರೀಕು, ಕ್ಲೋರಿನ್ ನೋಡಿದ ತಾರೀಕು, ನೋಡಿದವರ ಹೆಸರು, ಜವಾಬ್ದಾರಿ ಹೊತ್ತ ಎಂಜಿನಿಯರ್ ಫೋನ್ ನಂಬರು. ಎರಡನೆಯದು, ವಾಟರ್‌ಮನ್‌ಗೆ ತಿಂಗಳ ಒಂದನೇ ತಾರೀಕು ಸಂಬಳ. ಶಾಸನ ಕೆತ್ತಿಸಿದ ಹಿರಿಯರು ಮಾಡಿದ್ದೂ ಇಷ್ಟೇ ತಾನೆ? ಯಾರ ಕೆಲಸ, ಅದಕ್ಕೆ ದುಡ್ಡು ಎಲ್ಲಿಂದ ಅನ್ನುವುದನ್ನು ಎಲ್ಲರಿಗೂ ಕಾಣುವ ಕಡೆ ಕಲ್ಲಿನಲ್ಲಿ ಬರೆದರು. ನಮಗೆ ಕಲ್ಲು ಬೇಡ, ಒಂದು ತಗಡು ಸಾಕು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅಂತ ಗಾದೆ. ಅಧಿಕಾರಿಗಳೂ ಅಷ್ಟೇ, ನಾಯಕರೂ ಅಷ್ಟೇ, ಇವತ್ತಲ್ಲ ನಾಳೆ ನೀರಿನ ಹತ್ತಿರ ಬರಲೇಬೇಕು. ನಾಳೆ ಬೆಳಿಗ್ಗೆ ನಿಮ್ಮ ಬೀದಿಯ ಟ್ಯಾಂಕಿನ ಕೆಳಗೆ ಹೋಗಿ ನಿಂತು ಒಮ್ಮೆ ತಲೆ ಎತ್ತಿ ನೋಡಿ. ಬೋರ್ಡ್ ಇದೆಯಾ? ಇಲ್ಲದಿದ್ದರೆ ಮುಖ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ, ಸ್ವೀಕೃತಿ ತೆಗೆದುಕೊಳ್ಳುವುದನ್ನು ಮಾತ್ರ ಮರೆಯಬೇಡಿ.