ಮಡಿ, ಶುಚಿ, ರುಚಿ: ಬೆಂಗಳೂರಿನ ಉಪಾಹಾರ ಮಂದಿರಗಳ ಚರಿತ್ರೆಯನ್ನು ಕುರಿತ ಕೆಲವು ವಿಚಾರಗಳು

ಅರಸರ ದಂಡಯಾತ್ರೆಗಳಿಗೂ ದಾನದತ್ತಿಗಳಿಗೂ ನಮ್ಮ ನಾಡಿನಲ್ಲಿ ಶಾಸನಗಳ ಆಧಾರ ಯಥೇಷ್ಟವಾಗಿ ದೊರೆಯುತ್ತದೆ. ಜನರು ಮನೆಯಿಂದ ಹೊರಗೆ ಏನನ್ನು ತಿಂದರು, ಯಾವುದನ್ನು ಮೆಚ್ಚಿದರು, ಯಾವುದನ್ನು ಒಲ್ಲೆನೆಂದು ಎದ್ದು ಬಂದರು ಎಂಬುದಕ್ಕೆ ಅಂತಹ ಆಧಾರಗಳು ದೊರೆಯುವುದಿಲ್ಲ. ತಿಂಡಿಗಳ ಹೆಸರುಗಳೇನೋ ಹಳೆಯವು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಪ್ರಸ್ತಾಪವಿದೆ. ಚಾಳುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಇಡ್ಡರಿಕಾ, ದೋಸಕಗಳೆಂಬ ಭಕ್ಷ್ಯಗಳು ಬರುತ್ತವೆ. ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದನು. ಆದರೆ ಇದೆಲ್ಲ ಅರಮನೆಯ ಅಥವಾ ಗೃಹಸ್ಥರ ಮನೆಯ ಅಡುಗೆಯ ಮಾತಾಯಿತು. ದೂರ ಪ್ರಯಾಣ ಮಾಡುವವನಿಗೆ ಛತ್ರಗಳಿದ್ದವು, ಅರವಟ್ಟಿಗೆಗಳಿದ್ದವು. ಧರ್ಮಾರ್ಥವಾಗಿ ಇಕ್ಕಿದ ಅನ್ನಕ್ಕೆ ಉಪ್ಪು ಕಡಮೆಯಾಯಿತೆಂದು ಹೇಳುವ ಅಧಿಕಾರ ಉಣ್ಣುವವನಿಗೆ ಇರಲಿಲ್ಲ. ಹಣ ಕೊಟ್ಟು, ಗುರುತಿಲ್ಲದವರ ಕೈಯಡುಗೆಯನ್ನು, ಗುರುತಿಲ್ಲದವರ ಮಗ್ಗುಲಲ್ಲಿ ಕುಳಿತು ತಿನ್ನುವ ವಾಡಿಕೆ ಈಚಿನದು. ಹಾಗೆ ತಿಂದವನು ತಿಂಡಿಯನ್ನೂ ಉಪಚಾರವನ್ನೂ ತೂಗಿ ಹೇಳುವ ಮಾತಿಗೂ ಅಷ್ಟೇ ವಯಸ್ಸು. ಈ ಮಾತಿನ ಚರಿತ್ರೆಯನ್ನು ಬೆಂಗಳೂರು ನಗರದ ಮಟ್ಟಿಗೆ ಪರಿಶೀಲಿಸುವುದು ನಮ್ಮ ಪ್ರಕೃತ ಉದ್ದೇಶ.

ಮೊದಲು ಶಬ್ದಗಳ ಸಾಕ್ಷ್ಯವನ್ನು ನೋಡಬಹುದು. ಇಂಗ್ಲಿಷಿನಲ್ಲಿ ತಂಗುದಾಣವನ್ನು ಸೂಚಿಸುವ ‘ಹೋಟೆಲು’ ಕನ್ನಡದಲ್ಲಿ ತಿಂಡಿಯ ಮನೆಯಾಯಿತು. ಕಾಫಿ ಕುಡಿಯುವ ಸ್ಥಳಕ್ಕೆ ‘ಕ್ಲಬ್ಬು’ ಎಂಬ ಹೆಸರು ಬಹುಕಾಲ ಬಳಕೆಯಲ್ಲಿತ್ತು. ಸದಸ್ಯತ್ವವಾಗಲಿ ಚಂದಾಹಣವಾಗಲಿ ಅಲ್ಲಿ ಇರಲಿಲ್ಲ. ಉತ್ತರ ಕರ್ನಾಟಕದಲ್ಲಿ ಊಟದ ಮನೆಗೆ ಖಾನಾವಳಿಯೆಂದೂ, ಹಳೆಯ ಮೈಸೂರಿನ ಕಡೆ ಮಾಂಸಾಹಾರ ದೊರೆಯುವ ಸ್ಥಳಕ್ಕೆ ಮಿಲಿಟರಿ ಹೋಟೆಲೆಂದೂ ಹೆಸರು. ಇವೆಲ್ಲಕ್ಕಿಂತಲೂ ‘ಮಾಣಿ’ ಎಂಬ ಶಬ್ದ ನಮಗೆ ಹೆಚ್ಚು ಉಪಯುಕ್ತವಾಗಿದೆ. ಕರಾವಳಿಯ ಬ್ರಾಹ್ಮಣರ ಮನೆಮಾತಿನಲ್ಲಿ ಮಾಣಿಯೆಂದರೆ ಹುಡುಗ, ವಟು. ಘಟ್ಟದ ಮೇಲಿನ ಊರುಗಳಲ್ಲಿ ಅದೇ ಶಬ್ದಕ್ಕೆ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು ಎಂಬ ಅರ್ಥ ಬಂದಿತು. ತಿಂಡಿ ತಂದುಕೊಡುತ್ತಿದ್ದವರು ಎಲ್ಲಿಂದ ಬಂದವರು, ಯಾವ ಜಾತಿಯವರು ಎಂಬ ಎರಡು ಸಂಗತಿಗಳೂ ಈ ಒಂದು ಶಬ್ದದಲ್ಲಿ ಉಳಿದುಕೊಂಡಿವೆ.

ಆ ಕಾಲದ ಗಿರಾಕಿಗೆ ಇವೆರಡೇ ಮುಖ್ಯ ಪ್ರಶ್ನೆಗಳಾಗಿದ್ದವೆಂಬುದನ್ನು ಮರೆಯಲಾಗದು. ಮನೆಯಲ್ಲಿ ಮಡಿಯುಟ್ಟು ಬೇಯಿಸಿದ ಅನ್ನವನ್ನಲ್ಲದೆ ಬೇರೆಯದನ್ನು ಮುಟ್ಟದ ಗೃಹಸ್ಥನು ಕಚೇರಿಯ ಕೆಲಸಕ್ಕಾಗಿಯೋ ವ್ಯಾಜ್ಯಕ್ಕಾಗಿಯೋ ನಗರಕ್ಕೆ ಬಂದಾಗ, ಹೋಟೆಲಿನ ಬಾಗಿಲಲ್ಲಿ ನಿಂತು ಮೊದಲು ಓದುತ್ತಿದ್ದುದು ಮೇಲಿನ ಹಲಗೆಯನ್ನು. ಬೇಯಿಸಿದವರು ಬ್ರಾಹ್ಮಣರೆಂದು ಹಲಗೆ ಹೇಳಿದರೆ ಅರ್ಧ ತೀರ್ಪು ಅಲ್ಲಿಯೇ ಮುಗಿದಂತೆ; ರುಚಿಯ ವಿಚಾರ ಆ ಮೇಲಿನದು. ಅದೇ ಹಲಗೆ ಇನ್ನೊಬ್ಬನಿಗೆ ಬೇರೊಂದನ್ನು ಹೇಳುತ್ತಿತ್ತು. ಒಳಗೆ ಯಾರು ಎಲ್ಲಿ ಕುಳಿತುಕೊಳ್ಳಬಹುದು, ಯಾರು ಹೊರಗೆ ನಿಂತು ಕುಡಿದು ಲೋಟವನ್ನು ತಾವೇ ತೊಳೆದಿಡಬೇಕು, ಯಾರು ಬಾಗಿಲಿಗೇ ಬರಕೂಡದು ಎಂಬ ವ್ಯವಸ್ಥೆಗೂ ಅದೇ ಆಧಾರವಾಗಿತ್ತು. ತಿಂಡಿಯ ಗುಣವನ್ನು ಕುರಿತ ಹಳೆಯ ನೆನಪುಗಳನ್ನು ಓದುವಾಗ, ಆ ನೆನಪುಗಳನ್ನು ಬರೆದವರೆಲ್ಲ ಒಳಗೆ ಕುಳಿತವರು ಎಂಬ ಎಚ್ಚರ ಸಂಶೋಧಕನಿಗೆ ಇರಬೇಕು. ಬಾಗಿಲಿನಿಂದಾಚೆ ನಿಂತವನಿಗೆ ಆ ದೋಸೆಯ ವಿಷಯದಲ್ಲಿ ಅಭಿಪ್ರಾಯವೇ ಇರಲಿಲ್ಲವೆಂದು ಇದರ ಅರ್ಥವಲ್ಲ; ಅದನ್ನು ಯಾರೂ ಕೇಳಲಿಲ್ಲ.

ಹೋಟೆಲು ಕಸುಬಿಗೆ ಕರಾವಳಿಯವರು ಹೇಗೆ ಬಂದರೆಂಬುದು ಪರಿಚಿತ ಕಥೆಯಾದುದರಿಂದ ಇಲ್ಲಿ ಬೆಳೆಸುವುದಿಲ್ಲ. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಭೂಮಿ ಕಡಮೆ, ಗೇಣಿಯ ಭಾರ ಹೆಚ್ಚು. 1923ರ ಮಹಾಪೂರ ಜನರನ್ನು ಮತ್ತಷ್ಟು ಕಂಗೆಡಿಸಿತು. ದೇವಸ್ಥಾನದ ಪಾಕಶಾಲೆಗಳಲ್ಲಿ ನೂರಾರು ಜನಕ್ಕೆ ಬೇಯಿಸಿ ಬಡಿಸುವ ಅಭ್ಯಾಸ ಆ ಸೀಮೆಯವರಿಗೆ ಇತ್ತು. ಕೋಟದ ಸಮೀಪದ ಪಾರಂಪಳ್ಳಿಯಿಂದ ಬಂದ ಪರಮೇಶ್ವರ ಮಯ್ಯರೂ ಅವರ ಸಹೋದರರೂ ಬೆಂಗಳೂರಿನಲ್ಲಿ ಅಡುಗೆಯ ಕೆಲಸದಿಂದ ಆರಂಭಿಸಿ, 1924ರಲ್ಲಿ ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂಬ ಸಣ್ಣ ಉಪಾಹಾರ ಮಂದಿರವನ್ನು ತೆರೆದರು. ಮುಂದೆ 1960ರ ಸುಮಾರಿಗೆ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದು ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದು ಹೆಸರಾದುದು ಈ ಸಂಸ್ಥೆಯೇ. ಮದರಾಸಿನಲ್ಲಿ ಉಡುಪಿ ಸೀಮೆಯ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸನ್ನು ಆರಂಭಿಸಿದುದೂ ಇದೇ ಪ್ರವಾಹದ ಇನ್ನೊಂದು ಕವಲು.

ಮಾವಳ್ಳಿಯ ಸಂಸ್ಥೆಯ ವಿಷಯದಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಗೃಹಗಳ ಶುಚಿತ್ವವನ್ನೂ ಶಿಸ್ತನ್ನೂ ನೋಡಿ ಬಂದರು. ಬಂದ ಮೇಲೆ ಪಾತ್ರೆ, ಲೋಟ, ಚಮಚೆಗಳನ್ನು ಆವಿಯಲ್ಲಿಯೂ ಕುದಿನೀರಿನಲ್ಲಿಯೂ ಶುದ್ಧಿಮಾಡುವ ಪದ್ಧತಿಯನ್ನು ಆಚರಣೆಗೆ ತಂದರು. ಅಡುಗೆಮನೆಯನ್ನು ಗಿರಾಕಿಗಳು ತಾವೇ ಕಣ್ಣಾರೆ ನೋಡಬಹುದೆಂಬ ವ್ಯವಸ್ಥೆಯೂ ಅಲ್ಲಿ ಪ್ರಸಿದ್ಧವಾಯಿತು. ಇದು ಒಬ್ಬ ವ್ಯಾಪಾರಿಯ ಜಾಣತನವೆಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಮಡಿಯ ನಿಯಮದಲ್ಲಿ ಪಾಕಶಾಲೆಯೆಂಬುದು ಹೊರಗಿನವನ ದೃಷ್ಟಿ ಬೀಳಬಾರದ ಸ್ಥಳ. ದೃಷ್ಟಿ ಬಿದ್ದ ಅನ್ನವನ್ನು ಉಣ್ಣದೆ ಚೆಲ್ಲಿದ ಮನೆಗಳು ಉಂಟು. ಅಂತಹ ಸಂಪ್ರದಾಯದಿಂದಲೇ ಬಂದವರು ತಮ್ಮ ಪಾಕಶಾಲೆಯ ಬಾಗಿಲನ್ನು ಹೊರಗಿನವರಿಗೆ ತೆರೆದು, ನೀವೇ ನೋಡಿ ಎಂದರು. ಮೊದಲು ಮೈಲಿಗೆಗೆ ಕಾರಣವಾಗಿದ್ದ ಕಣ್ಣು ಈಗ ಶುಚಿಗೆ ಸಾಕ್ಷಿಯಾಯಿತು. ಜಾತಿಯ ಹೆಸರು ಹಲಗೆಯಿಂದ ಇಳಿದು ಪೇಟೆಯ ಹೆಸರು ಬಂದುದೂ ಈ ಬದಲಾವಣೆಯೂ ಒಂದೇ ದಶಕದಲ್ಲಿ ನಡೆದುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಆ ದಶಕದಲ್ಲಿ ಕಾನೂನೂ ಬದಲಾಗಿತ್ತು. 1950ರ ಸಂವಿಧಾನದ 15ನೆಯ ಅನುಚ್ಛೇದ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರು ಹಿಡಿದು ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿಂದ ದೂರವಿಡಕೂಡದೆಂದು ವಿಧಿಸಿತು. 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲುಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟಿರುವ ಪಾತ್ರೆಗಳ ಬಳಕೆಗೆ ಅಡ್ಡಿಮಾಡುವುದನ್ನೂ ಅಪರಾಧವೆಂದು ಪರಿಗಣಿಸಿತು. ದೇಶದ ಶಾಸನಸಭೆ ಕಾಫಿಯ ಲೋಟವನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕಾಯಿತೆಂದರೆ ಆ ಲೋಟದ ಸುತ್ತ ಎಷ್ಟು ಅವಮಾನ ಕಟ್ಟಿಕೊಂಡಿತ್ತೆಂಬುದನ್ನು ಊಹಿಸಬಹುದು. ಹಲಗೆಗಳ ಪ್ರಶ್ನೆ ಅಷ್ಟಕ್ಕೇ ಮುಗಿಯಲಿಲ್ಲ. 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಹೋಟೆಲೊಂದರ ಮುಂದೆ, ‘ಬ್ರಾಹ್ಮಣ’ ಎಂಬ ಶಬ್ದವನ್ನು ಹಲಗೆಯಿಂದ ಅಳಿಸಬೇಕೆಂದು ಪೆರಿಯಾರರ ಅನುಯಾಯಿಗಳು ಚಳವಳಿ ಹೂಡಿದರು.

ಸರ್ಕಾರದ ಕಾಫಿ ಮಂಡಲಿ ನಡೆಸುತ್ತಿದ್ದ ಇಂಡಿಯಾ ಕಾಫಿ ಹೌಸುಗಳದು ಬೇರೊಂದು ಮಾರ್ಗ. ಅಲ್ಲಿ ಬಡಿಸುವವನಿಗೆ ರುಮಾಲು, ಸೊಂಟಪಟ್ಟಿಗಳ ಸಮವಸ್ತ್ರವಿದ್ದಿತು. ಅವನ ಕುಲವನ್ನು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. 1957ರಲ್ಲಿ ಮಂಡಲಿ ಈ ಶಾಖೆಗಳನ್ನು ಮುಚ್ಚಹೊರಟಾಗ, ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ನೌಕರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅವನ್ನು ವಹಿಸಿಕೊಂಡರು. ಬೆಂಗಳೂರಿನ ಶಾಖೆ 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾಯಿತು. ಅಲ್ಲಿಯ ಕಾಫಿಯನ್ನು ಉಡುಪಿ ಹೋಟೆಲಿನ ಕಾಫಿಗೆ ಹೋಲಿಸಿ ಮೇಲೆಂದವರನ್ನು ನಾವು ಹೆಚ್ಚಾಗಿ ಕಂಡಿಲ್ಲ. ಎಷ್ಟು ಹೊತ್ತು ಕುಳಿತರೂ ಯಾರೂ ಏಳಿಸುವುದಿಲ್ಲವೆಂಬುದೇ ಅದರ ಗಿರಾಕಿಗಳು ಮೊದಲು ಹೇಳುವ ಗುಣ. ಉಪಚಾರವೆಂದರೇನು ಎಂಬುದಕ್ಕೆ ಇದೂ ಒಂದು ಉತ್ತರ.

ರುಚಿಯ ತೀರ್ಪಿಗೆ ಬಂದರೆ ಲಿಖಿತ ಆಧಾರಗಳು ಇನ್ನೂ ವಿರಳ. ಆದುದರಿಂದ ನಾವು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಹೋಟೆಲುಗಳಲ್ಲಿ ಅನೇಕ ದಿನ ಬೆಳಗಿನ ಹೊತ್ತು ಕುಳಿತು, ದೀರ್ಘಕಾಲದ ಗಿರಾಕಿಗಳ ಮಾತನ್ನು ಕೇಳಿದೆವು. (ಈ ಕ್ಷೇತ್ರಕಾರ್ಯಕ್ಕೆ ವಿಭಾಗದ ವಿದ್ಯಾರ್ಥಿಗಳು ಎಂದೂ ಇಲ್ಲದ ಉತ್ಸಾಹವನ್ನು ತೋರಿಸಿದರೆಂಬುದನ್ನು ದಾಖಲಿಸುವುದು ನ್ಯಾಯ.) ಅವರ ಪರೀಕ್ಷೆಗಳು ಅತ್ಯಂತ ನಿಷ್ಕೃಷ್ಟವಾದವು. ದೋಸೆಯನ್ನು ಅವರು ಮೊದಲು ನಾಲಗೆಯಿಂದ ನೋಡುವುದಿಲ್ಲ, ಬೆರಳಿನಿಂದ ಮುರಿದು ನೋಡುತ್ತಾರೆ. ಅಂಚು ಗರಿಯಾಗಿದ್ದು ನಡುವೆ ಮೆತ್ತಗಿರಬೇಕು. ಚಟ್ನಿ ನೀರಾಗಿದ್ದರೆ ತಾವು ತಡವಾಗಿ ಬಂದೆವೆಂದು ತಿಳಿಯುತ್ತಾರೆ. ಕಾಫಿಗೆ ಮೊದಲನೆಯ ಡಿಕಾಕ್ಷನ್ ಹಾಕಿದ್ದಾರೆಯೋ, ಎರಡನೆಯ ಸಲ ಇಳಿಸಿದುದನ್ನು ಬೆರೆಸಿದ್ದಾರೆಯೋ, ಚಿಕೋರಿ ಎಷ್ಟಿದೆ ಎಂಬುದನ್ನು ಒಂದು ಗುಟುಕಿನಲ್ಲಿ ಹೇಳುತ್ತಾರೆ. ಕೇಳುವ ಮೊದಲೇ ಎರಡನೆಯ ಸಲ ಸಾಂಬಾರು ತಂದ ಮಾಣಿಯನ್ನು ಹೆಸರು ಹಿಡಿದು ನೆನೆಯುತ್ತಾರೆ. ಬೈಟು ಕಾಫಿ ಕೇಳಿದಾಗ ಮುಖ ಸಿಂಡರಿಸಿದವನನ್ನೂ ಮರೆಯುವುದಿಲ್ಲ. ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದಲ್ಲಿ ಒಂದು ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಪರಿಚಾರಕರನ್ನು ನೋಡುವುದಕ್ಕೆಂದೇ ಬರುವವರುಂಟು. ಆದರೆ ಹಳಬರು ಆ ಕೌಶಲವನ್ನಲ್ಲ, ತಟ್ಟೆ ಮೇಜಿಗೆ ಬಂದಾಗ ದೋಸೆ ಬಿಸಿಯಾಗಿತ್ತೇ ಎಂಬುದನ್ನು ಗಮನಿಸುತ್ತಾರೆ.

ಚಾಮರಾಜಪೇಟೆಯ ಒಂದು ಹೋಟೆಲಿನಲ್ಲಿ ವೃದ್ಧರೊಬ್ಬರು ಕಾಫಿ ಬರುವ ಮೊದಲು ಬಿಸಿನೀರು ತರಿಸಿ ಲೋಟವನ್ನು ತೊಳೆದರು. ಇದು ಮಡಿಯೋ ಶುಚಿಯೋ ಎಂದು ನಾವು ಕೇಳಿದೆವು. “ನಮ್ಮ ತಂದೆಯವರು ಮಾಡುತ್ತಿದ್ದರು, ನಾನೂ ಮಾಡುತ್ತೇನೆ, ಅವರ ಕಾರಣ ಬೇರೆ ಇತ್ತು” ಎಂದರು. ಅವರ ಎದುರಿಗೆ ಅದೇ ಮೇಜಿನಲ್ಲಿ ಕುಳಿತಿದ್ದ, ಅವರಷ್ಟೇ ವಯಸ್ಸಿನ ಇನ್ನೊಬ್ಬರು ಇದನ್ನು ಕೇಳಿ ನಕ್ಕರು. ತಮ್ಮ ಬಾಲ್ಯದಲ್ಲಿ ಹಳ್ಳಿಯ ಹೋಟೆಲಿನ ಹಿಂಗೋಡೆಯ ಗೂಡಿನಲ್ಲಿ ತಮ್ಮ ಕೇರಿಯವರಿಗೆಂದು ತೆಂಗಿನ ಚಿಪ್ಪುಗಳನ್ನು ಇಟ್ಟಿರುತ್ತಿದ್ದರೆಂದೂ, ಕುಡಿದ ಮೇಲೆ ತೊಳೆದು ಅಲ್ಲಿಯೇ ಇಡಬೇಕಾಗಿತ್ತೆಂದೂ ಅವರು ಹೇಳಿದರು. ಆ ಹೋಟೆಲಿನ ತಿಂಡಿ ಹೇಗಿತ್ತೆಂದು ವಿಚಾರಿಸಲು, “ಬೋಂಡ ಬಹಳ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು” ಎಂದು ಉತ್ತರ ಕೊಟ್ಟರು. ಬಾಗಿಲಿನಿಂದಾಚೆ ನಿಂತವನ ತೀರ್ಪಿಗೆ ನಾವು ಸಂಗ್ರಹಿಸಿದ ಸಾಕ್ಷ್ಯಗಳಲ್ಲಿ ಇಷ್ಟು ನೇರವಾದುದು ಇನ್ನೊಂದಿಲ್ಲ. ಬೇರೆ ಲೋಟದ ಪದ್ಧತಿ ಇಂದಿಗೂ ಕೆಲವು ಹಳ್ಳಿಗಳಲ್ಲಿ ನಿಂತಿಲ್ಲವೆಂಬ ವರದಿಗಳು ಬರುತ್ತಲೇ ಇವೆ.

ಬೆಲೆಯೂ ತೀರ್ಪಿನ ಒಂದು ಅಂಗ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ದೇಶ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತುಹೋದಾಗ, ಅಕ್ಕಿಗೆ ಬದಲಾಗಿ ರವೆಯನ್ನು ಬಳಸಿ ಇಡ್ಲಿ ಮಾಡಿದೆವೆಂದು ಮಾವಳ್ಳಿಯವರು ಹೇಳುತ್ತಾರೆ. ಕೊರತೆಯ ಕಾಲದ ತಿಂಡಿ ಸಮೃದ್ಧಿಯ ಕಾಲದಲ್ಲಿಯೂ ಉಳಿದುದು ಗಿರಾಕಿಗಳ ಮೆಚ್ಚಿಕೆಯಿಂದಲ್ಲದೆ ಬೇರೆಯಲ್ಲ. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಮಾಡಿತು. ಆಗ ಅದೇ ಸಂಸ್ಥೆಯವರು ಪದಾರ್ಥದ ಗುಣವನ್ನು ಇಳಿಸದೆ, ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಹೊರಗೆ ತೂಗುಹಾಕಿದರೆಂದು ಪ್ರತೀತಿ. ಕಡೆಗೆ ಹೋಟೆಲನ್ನು ಕೆಲಕಾಲ ಮುಚ್ಚಿ, ಸಿದ್ಧ ಹಿಟ್ಟುಗಳ ವ್ಯಾಪಾರಕ್ಕೆ ತೊಡಗಿದರು. ಹೋಟೆಲಿನ ಹಲಗೆ ಐವತ್ತು ವರ್ಷಗಳಲ್ಲಿ ಅಡುಗೆಯವನ ಜಾತಿಯಿಂದ ಯಜಮಾನನ ಲೆಕ್ಕದವರೆಗೆ ಬಂದಿತ್ತು. 1980ರ ದಶಕದಿಂದ ಹಬ್ಬಿದ ದರ್ಶಿನಿಗಳಲ್ಲಿ ಕುರ್ಚಿಯೂ ಇಲ್ಲ, ಮಾಣಿಯೂ ಇಲ್ಲ. ಚೀಟಿ ಕೊಂಡು, ಎದುರಿಗೆ ಬೇಯುತ್ತಿರುವುದನ್ನು ನೋಡಿ, ನಿಂತು ತಿಂದು ಹೊರಡುತ್ತಾರೆ. ನಿಂತು ತಿನ್ನುವುದು ಒಂದು ಕಾಲದಲ್ಲಿ ಯಾರ ಪಾಲಿಗೆ ಬಂದಿತ್ತೆಂಬುದು ಅಲ್ಲಿ ನಿಂತವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಹೇಳಲಾರೆವು.

ಹಳೆಯ ಹೋಟೆಲುಗಳ ನಾಮಫಲಕಗಳು, ಬೆಲೆಪಟ್ಟಿಗಳು, ಬಿಲ್ಲುಪುಸ್ತಕಗಳು ಪ್ರತಿ ವರ್ಷವೂ ರದ್ದಿಗೆ ಹೋಗುತ್ತಿವೆ. ಇಂತಹವು ವಾಚಕರಲ್ಲಿ ಯಾರ ಬಳಿಯಲ್ಲಾದರೂ ಇದ್ದರೆ, ಅವುಗಳ ಪ್ರತಿ ತೆಗೆದುಕೊಂಡು ಮೂಲವನ್ನು ಹಿಂದಿರುಗಿಸಲು ನಮ್ಮ ವಿಭಾಗ ಸಿದ್ಧವಾಗಿದೆ. ಮಾಲೀಕರ ಕಡೆಯ ಕಾಗದಗಳಿಗಿಂತಲೂ, ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಘಟ್ಟ ಹತ್ತಿ ಬಂದು ಮಾಣಿಗಳಾದವರು ಊರಿಗೆ ಬರೆದ ಕಾಗದಗಳು ನಮಗೆ ಹೆಚ್ಚು ಬೇಕಾಗಿವೆ.