ಪೆಟ್ರೋಲ್ ಕಾರಿಗೆ ಸಿ.ಎನ್.ಜಿ. ಇಂಜೆಕ್ಟರ್ ಹಾಗೂ ಗ್ಯಾಸ್ ರೈಲ್ ಅಳವಡಿಕೆ: ಮಾಲೀಕರಿಗೆ ಮಾಹಿತಿ

ಪೆಟ್ರೋಲ್ ಕಾರಿಗೆ ಸಿ.ಎನ್.ಜಿ. ಕಿಟ್ ಅಳವಡಿಸಿಕೊಳ್ಳುವುದು ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ವ್ಯಾಪ್ತಿಗೆ ಬರುವ ಮಾರ್ಪಾಡಾಗಿರುತ್ತದೆ. ಗ್ಯಾರೇಜಿನ ಕೆಲಸ ಮುಗಿದ ಮಾತ್ರಕ್ಕೆ ಅಳವಡಿಕೆ ಪೂರ್ಣಗೊಂಡಂತಾಗುವುದಿಲ್ಲ. ನೋಂದಣಿ ಪ್ರಮಾಣ ಪತ್ರದಲ್ಲಿ ಅದು ದಾಖಲಾಗತಕ್ಕದ್ದು.

1. ಕಿಟ್‌ನ ಕಾರ್ಯವಿಧಾನ

ಅನಿಲ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿರುವ ಅನಿಲವು ರೆಡ್ಯೂಸರ್‌ನಲ್ಲಿ ಸುಮಾರು 2 ಬಾರ್‌ಗೆ ಇಳಿದು, ಫಿಲ್ಟರ್ ಮೂಲಕ ಗ್ಯಾಸ್ ರೈಲ್ ಎಂಬ ಹಂಚಿಕೆ ಕೊಳವೆಗೆ ಬರುತ್ತದೆ. ರೈಲ್‌ಗೆ ಜೋಡಿಸಿದ ಇಂಜೆಕ್ಟರ್‌ಗಳು, ಎಂಜಿನ್ನಿನ ಪ್ರತಿ ಸಿಲಿಂಡರಿಗೆ ಒಂದರಂತೆ, ಅನಿಲವನ್ನು ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಬಿಡುತ್ತವೆ. ಮೂಲ ಪೆಟ್ರೋಲ್ ಇಂಜೆಕ್ಟರ್‌ಗಳು ಹಾಗೂ ಫ್ಯುಯೆಲ್ ರೈಲ್ ಯಥಾಸ್ಥಿತಿಯಲ್ಲಿ ಉಳಿಯುತ್ತವೆ. ಎಂಜಿನ್ ಪೆಟ್ರೋಲಿನಲ್ಲಿ ಚಾಲನೆಗೊಂಡು, ಬಿಸಿಯಾದ ನಂತರ ಅನಿಲಕ್ಕೆ ಬದಲಾಗುತ್ತದೆ.

2. ಅಳವಡಿಕೆಯ ಸಮಯದಲ್ಲಿ ಗಮನಿಸಬೇಕಾದ ಅಂಶಗಳು

ಅ) ಕಿಟ್ ಪುಣೆಯ ಎ.ಆರ್.ಎ.ಐ., ಮಾನೇಸರದ ಐಕ್ಯಾಟ್ ಮುಂತಾದ ಅಧಿಕೃತ ಪರೀಕ್ಷಾ ಸಂಸ್ಥೆಯಿಂದ ತಮ್ಮ ವಾಹನದ ಬಗೆಗೆ ಅನುಮೋದನೆ ಪಡೆದಿರತಕ್ಕದ್ದು.
ಆ) ನಾಜಲ್‌ಗಳಿಗಾಗಿ ರಂಧ್ರ ಕೊರೆಯುವ ಮುನ್ನ ಮ್ಯಾನಿಫೋಲ್ಡನ್ನು ಬಿಚ್ಚಿ ಹೊರತೆಗೆಯುವುದು ಸೂಕ್ತ. ಲೋಹದ ಚೂರು ಒಳಸೇರಿದಲ್ಲಿ ಎಂಜಿನ್ ಹಾಳಾಗುತ್ತದೆ.
ಇ) ಇಂಜೆಕ್ಟರ್‌ನಿಂದ ನಾಜಲ್‌ವರೆಗಿನ ಹೋಸ್‌ಗಳು ಗಿಡ್ಡವಾಗಿಯೂ ಸಮಾನ ಉದ್ದದವಾಗಿಯೂ ಇರಬೇಕು. ಇಲ್ಲವಾದಲ್ಲಿ ಎಂಜಿನ್ ಅಸಮವಾಗಿ ಓಡುತ್ತದೆ.
ಈ) ಪೆಟ್ರೋಲ್ ರೈಲನ್ನು ಸಡಿಲಿಸುವುದು ಅನಿವಾರ್ಯವಾದಲ್ಲಿ, ಮೊದಲು ಪೆಟ್ರೋಲ್ ಒತ್ತಡವನ್ನು ಇಳಿಸಿ, ಮರುಜೋಡಣೆಯಲ್ಲಿ ಹೊಸ ಓ-ರಿಂಗ್ ಹಾಕಿಸತಕ್ಕದ್ದು. ಹಳೆಯ ಓ-ರಿಂಗ್ ಮೂಲಕ ಸೋರಿದ ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಬಿದ್ದಲ್ಲಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.
ಉ) ವಾಹನವನ್ನು ಪಡೆಯುವ ಮುನ್ನ ಅನಿಲದ ಪ್ರತಿಯೊಂದು ಜೋಡಣೆಯನ್ನೂ ಸಾಬೂನು ನೀರಿನಿಂದ ತಮ್ಮ ಎದುರಿನಲ್ಲಿಯೇ ಪರೀಕ್ಷಿಸಲು ಕೇಳಿಕೊಳ್ಳಬೇಕು. ಗುಳ್ಳೆ ಎದ್ದಲ್ಲಿ ಸೋರಿಕೆ ಇದೆಯೆಂದು ತಿಳಿಯುವುದು.

3. ನೋಂದಣಿ ಪ್ರಮಾಣ ಪತ್ರದಲ್ಲಿ ದಾಖಲಿಸುವುದು

ಅಳವಡಿಸಿದ 14 ದಿನಗಳೊಳಗಾಗಿ ತಾವು ವಾಸಿಸುವ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ವರದಿ ಸಲ್ಲಿಸಿ, ನಿಗದಿತ ಶುಲ್ಕ ಪಾವತಿಸತಕ್ಕದ್ದು. ಅರ್ಜಿಯೊಂದಿಗೆ ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು:

* ನೋಂದಣಿ ಪ್ರಮಾಣ ಪತ್ರ
* ಚಾಲ್ತಿಯಲ್ಲಿರುವ ವಿಮಾ ಪತ್ರ
* ಕಿಟ್‌ನ ಅನುಮೋದನಾ ಪತ್ರದ ಪ್ರತಿ
* ಅಳವಡಿಕೆದಾರರ ಪ್ರಮಾಣ ಪತ್ರ ಹಾಗೂ ರಸೀದಿ
* ಅನಿಲ ಸಿಲಿಂಡರಿನ ಪರೀಕ್ಷಾ ಪ್ರಮಾಣ ಪತ್ರ

ವಾಹನವು ಕಂತು ಖರೀದಿ ಕರಾರಿಗೆ ಒಳಪಟ್ಟಿದ್ದಲ್ಲಿ ನೋಂದಾಯಿತ ಮಾಲೀಕರ ಲಿಖಿತ ಸಮ್ಮತಿಯನ್ನು ಅಳವಡಿಕೆಗೆ ಮುಂಚಿತವಾಗಿಯೇ ಪಡೆಯತಕ್ಕದ್ದು. ಪರಿಶೀಲನೆಗಾಗಿ ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ಹಾಜರುಪಡಿಸಬೇಕಾಗುತ್ತದೆ.

4. ವಿಶೇಷ ಸೂಚನೆ

ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ, 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಪ್ರಕರಣ 182ಎ ಮೇರೆಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಕಿಟ್ ಅಳವಡಿಕೆಯನ್ನು ವಿಮಾ ಕಂಪನಿಗೂ ತಿಳಿಸಿ ವಿಮಾ ಪತ್ರದಲ್ಲಿ ನಮೂದಿಸಿಕೊಳ್ಳುವುದು. ದಾಖಲಾಗದ ಕಿಟ್ ಇರುವ ವಾಹನಕ್ಕೆ ಬೆಂಕಿ ತಗುಲಿದಲ್ಲಿ ಪರಿಹಾರ ನಿರಾಕರಣೆಯಾಗುವ ಸಂಭವವಿರುತ್ತದೆ. ಅನಿಲ ಸಿಲಿಂಡರನ್ನು 3 ವರ್ಷಗಳಿಗೊಮ್ಮೆ ಮರುಪರೀಕ್ಷೆಗೆ ಒಳಪಡಿಸಿ, ಪ್ರಮಾಣ ಪತ್ರವನ್ನು ವಾಹನದಲ್ಲಿಯೇ ಇಟ್ಟುಕೊಳ್ಳಲು ಕೋರಲಾಗಿದೆ.