ತಂಬೂರಿಯ ನಾಲ್ಕು ತಂತಿ, ವಿದ್ಯುತ್ತಿನ ನಾಲ್ಕು ಮೆಟ್ಟಿಲು

ರಾಯಬಾಗದಿಂದ ಹೊರಟ ರೈಲು ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ, ಉಗಾರ, ಶೇಡಬಾಳಗಳನ್ನು ಹಿಂದಿಕ್ಕಿ ಮಿರಜವನ್ನು ಸೇರುವುದು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳ ಸೀಮೆಯವರಿಗೆ ತಂಬೂರಿಯೆಂದೊಡನೆ ನೆನಪಾಗುವ ಊರೂ ಅದೇ. ಆಯುಧಗಳನ್ನು ಸಾಣೆಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ತಂತಿವಾದ್ಯಗಳ ನಿರ್ಮಾಣಕ್ಕೆ ಕೈಯಿಕ್ಕಿದರು. ಪಂಢರಪುರ, ಮಂಗಳವೇಢೆಗಳ ಕಡೆಯ ಬುರುಡೆ ಆ ಕೈಗಳಲ್ಲಿ ನಾದದ ಕೊಡವಾಯಿತು. ಮಾಡ್ಯುಲರ್ ಸಿಂಥಸೈಜರಿನಲ್ಲಿ ಆರ್ಪೆಜಿಯೊ ಹೊರಡಿಸುವ ವಿಧಾನದ ಚರಿತ್ರೆಯನ್ನು ಬರೆಯಹೊರಟವನು ಬುರುಡೆಯಿಂದ ತೊಡಗುವುದು ವಿಚಿತ್ರವೆನಿಸಿದರೂ, ನಮ್ಮ ಮಟ್ಟಿಗೆ ಆ ಚರಿತ್ರೆಯ ಮೂಲ ಅಲ್ಲಿಯೇ ಇದೆಯೆಂಬುದು ಈ ಲೇಖಕನ ಮತ.

ವೀಣೆಯಂಥ ವಾದ್ಯವಾದ ಹಾರ್ಪಿನ ಇಟಾಲಿಯನ್ ಹೆಸರಿನಿಂದ ಹುಟ್ಟಿದ ಆರ್ಪೆಜಿಯೊ ಎಂಬ ಶಬ್ದಕ್ಕೆ, ಒಟ್ಟಿಗೆ ನುಡಿಯಬೇಕಾದ ಸ್ವರಗುಚ್ಛವನ್ನು ಬಿಡಿಬಿಡಿಯಾಗಿ ಒಂದರ ಹಿಂದೊಂದರಂತೆ ನುಡಿಸುವುದೆಂದು ಅರ್ಥ. ಸ್ವರಗುಚ್ಛವೇ ಇಲ್ಲದ ನಮ್ಮ ಸಂಗೀತದಲ್ಲಿ ಇದಕ್ಕೆ ಸ್ಥಾನವಿಲ್ಲವೆನ್ನುವುದು ಅರ್ಧಸತ್ಯ. ಹಾಡಿನ ತಾಳಲಯಗಳ ಹಂಗಿಲ್ಲದೆ ಪಂಚಮ, ಎರಡು ಜೋಡಿ ಷಡ್ಜ, ಮಂದ್ರ ಷಡ್ಜವಾದ ಖರಜ ಎಂದು ತಂಬೂರಿ ಸುತ್ತುತ್ತಲೇ ಇರುವುದು. ಮೀಟಿದ ತಂತಿ ಅಡಗುವ ಮುನ್ನವೇ ಮುಂದಿನದು ಎದ್ದು, ನಾಲ್ಕೂ ಒಂದರೊಳಗೊಂದು ಕರಗಿ, ತಂತಿ ಕುದುರೆಯನ್ನು ಸವರಿ ಝೇಂಕರಿಸುವ ಜವಾರಿ ಸರಿಯಾಗಿ ಕೂತಿದ್ದರೆ, ಖರಜದ ಕಂಪನಸಂಖ್ಯೆಯ ಐದುಪಟ್ಟಿನದಾದ ಗಾಂಧಾರವೊಂದು ಯಾರೂ ಮೀಟದೆ ತಾನಾಗಿ ಕೇಳಿಸುವುದು.

ಎಂಜಿನಿಯರ್ ರಾಬರ್ಟ್ ಮೂಗ್ 1964ರಲ್ಲಿ ಅಮೆರಿಕದಲ್ಲಿ ಪ್ರದರ್ಶಿಸಿದ, ಬಿಡಿ ಘಟಕಗಳನ್ನು ಜೋಡಿಸಿ ನುಡಿಸುವ ಮಾಡ್ಯುಲರ್ ಸಿಂಥಸೈಜರಿನಲ್ಲಿ ಸ್ವರವನ್ನು ಆಳುವುದು ಬೆರಳಲ್ಲ, ವೋಲ್ಟೇಜು. ಮುಂದೆ ರೂಢಿಯಾದ ನಿಯಮದಂತೆ ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರುವುದು. ಸೀಕ್ವೆನ್ಸರ್ ಎಂಬ ಘಟಕದ ಪ್ರತಿ ಮೆಟ್ಟಿಲಿಗೂ ಒಂದು ತಿರುಪು. ಗಡಿಯಾರಘಟಕದ ಪ್ರತಿ ಮಿಡಿತಕ್ಕೂ ಒಂದು ಮೆಟ್ಟಿಲು ಸರಿದು, ಅಲ್ಲಿನ ವೋಲ್ಟೇಜು ಸ್ವರ ಹೊರಡಿಸುವ ಆಸಿಲೇಟರಿಗೆ ಹೋಗುವುದು. ಖರಜವನ್ನು ಸೊನ್ನೆಯೆಂದಿಟ್ಟುಕೊಂಡರೆ ತಂಬೂರಿಯ ಸುತ್ತು 0.585, 1, 1, 0 ವೋಲ್ಟ್ ಎಂದಾಗುವುದು. ಇಷ್ಟರಿಂದಲೇ ತಂಬೂರಿ ಸಿದ್ಧಿಸಿತೆಂದು ತಿಳಿಯುವುದು ಭ್ರಮೆ: ಒಂದೇ ಆಸಿಲೇಟರಿದ್ದಾಗ ಹೊಸ ಸ್ವರ ಬಂದ ಕ್ಷಣವೇ ಹಳೆಯದು ಸಾಯುವುದು. ಮೆಟ್ಟಿಲಿಗೊಂದು ಆಸಿಲೇಟರನ್ನೂ, ನಾದದ ಏರಿಳಿತವನ್ನು ಆಳುವ, ನಿಧಾನವಾಗಿ ಇಳಿಯುವ ಎನ್ವಲಪನ್ನೂ ಕೊಟ್ಟು, ಮಿಡಿತವನ್ನು ಸರದಿಯಂತೆ ನಾಲ್ಕಕ್ಕೂ ಹಂಚಿದಾಗ ಮಾತ್ರ ಸ್ವರಗಳು ಪರಸ್ಪರ ಹಾಯುವುವು.

ಇನ್ನೊಂದು ತೊಡಕು ಶ್ರುತಿಯದು. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುವ ಕ್ವಾಂಟೈಸರ್ ಘಟಕವು ಪಂಚಮವನ್ನು 0.583ಕ್ಕೆ ಎಳೆಯುವುದು, ಇದನ್ನು ಕಿವಿ ಕ್ಷಮಿಸೀತು. ಆದರೆ 0.322ರಲ್ಲಿರಬೇಕಾದ ಗಾಂಧಾರ 0.333ಕ್ಕೆ ಏರುವುದನ್ನು ತಂಬೂರಿಯ ಬಳಿ ಬೆಳೆದ ಕಿವಿ ಸಹಿಸದು. ಈ ವ್ಯಾಜ್ಯ ಹಳೆಯದು. ಮಿರಜದ ನೆರೆಯ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಗಣಿತವನ್ನು ಪ್ರಕಟಿಸಿದರು. ಅವರೂ ಸಿವಿಲ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸರೂ ಕೂಡಿ ಆ ಶ್ರುತಿಗಳನ್ನು ನುಡಿಸುವ ಹಾರ್ಮೋನಿಯಂ ಆದ ಶ್ರುತಿ ಪೇಟಿಯನ್ನು ಮಾಡಿಸಿದರು. ಮುಂದೆ ಮಿರಜದ ದರ್ಗಾದ ಆವರಣದಲ್ಲಿಯೇ ಸಮಾಧಿಸ್ಥರಾದ ಗಾಯಕ ಅಬ್ದುಲ್ ಕರೀಂ ಖಾನರ ಕಂಠ ಈ ಪ್ರಯೋಗಗಳಿಗೆ ನೆರವಾಗಿತ್ತು. 1916ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ಆ ಪೇಟಿಗೆ ಮನ್ನಣೆಗಿಂತ ವಿರೋಧವೇ ಮಿಗಿಲಾಯಿತು. ಪೇಟಿಯ ರೀಡನ್ನು ಅರದಿಂದ ಉಜ್ಜಿ ಸಾಧಿಸಬೇಕಾಗಿದ್ದುದು ಕ್ವಾಂಟೈಸರನ್ನು ಬದಿಗಿಟ್ಟವನಿಗೆ ತಿರುಪಿನ ಕೂದಲೆಳೆಯ ಚಲನೆಯಲ್ಲಿ ದೊರೆಯುವುದನ್ನು ದೇವಲರು ಕಾಣಬೇಕಾಗಿತ್ತು.

ಭಾರತಕ್ಕೆ ಮೂಗ್ ವಾದ್ಯ ಬಂದುದು 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ. ಅದನ್ನು ಅಣಿಗೊಳಿಸಿದವನು ಅಮೆರಿಕದ ಸಂಗೀತಕಾರ ಡೇವಿಡ್ ಟ್ಯೂಡರ್. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅಲ್ಲಿ ರಚಿಸಿದ ನಾದಕೃತಿಗಳ ಟೇಪ್ ಸುರುಳಿಗಳು ದಶಕಗಳ ಮರೆವಿನಿಂದೆದ್ದು 2023ರಲ್ಲಿ ಪ್ರಕಟವಾದವು. ಆ ವಾದ್ಯ ನಮ್ಮ ಮಠ, ಮನೆಗಳಿಗೆ ಬರಲಿಲ್ಲ. ಬಂದುದು ಬೆಂಗಳೂರಿನ ಕೊಳಲುವಾದಕ, ಎಂಜಿನಿಯರ್ ಜಿ. ರಾಜ್ ನಾರಾಯಣರು 1970ರ ದಶಕದ ಕೊನೆಯಿಂದ ರೂಪಿಸಿದ ವಿದ್ಯುತ್ ಶ್ರುತಿವಾದ್ಯಗಳ ಪರಂಪರೆ. ಅವುಗಳಲ್ಲಿ ಒಂದಾದ ಇಲೆಕ್ಟ್ರಾನಿಕ್ ತಂಬೂರಿ, ಯಾರು ಏನೇ ಹೆಸರಿಟ್ಟು ಕರೆಯಲಿ, ನಾಲ್ಕು ಮೆಟ್ಟಿಲಿನ ಸೀಕ್ವೆನ್ಸರೇ. ವೇಗದ ತಿರುಪು ಅದರ ಗಡಿಯಾರ. ಪಂಚಮವಿಲ್ಲದ ಮಾಲಕಂಸವನ್ನು ಹಾಡಲು ಕೂತವನು ಮಿರಜದ ತಂಬೂರಿಯಾದರೆ ಮೊದಲ ತಂತಿಯ ಗೂಟವನ್ನು ಸಡಿಲಿಸಿ ಮಧ್ಯಮಕ್ಕೆ ಇಳಿಸುವನು. ಮಾಡ್ಯುಲರ್ ವಾದ್ಯವಾದರೆ ಮೊದಲ ಮೆಟ್ಟಿಲನ್ನು 0.585ರಿಂದ 0.415ಕ್ಕೆ ತಿರುಪುವನು.